ರೆಗ್ಯುಲೇಟರ್ ಹಿಂದಿನ ಮನುಷ್ಯ: ಬಾಬ್ ವಿಡ್ಲರ್

ಈ ಸಲ ನಾವು ಬರೀತಿರೋದು ಒಬ್ಬ ಮನುಷ್ಯನ ಬಗ್ಗೆ. ಆದರೆ ಶುರು ಮಾಡೋದು ನಮ್ಮ ಲ್ಯಾಬಿನ ಒಂದು ತಗಡಿನ ಡಬ್ಬಿಯಿಂದ. ಆ ಡಬ್ಬಿ ಇಲ್ಲದಿದ್ದರೆ ಈ ಮನುಷ್ಯ ನಮಗೆ ಸಿಲಬಸ್ಸಿನಲ್ಲಿ ಬರೋ ಒಂದು ಸರ್ಕ್ಯೂಟಿನ ಹೆಸರಾಗಿ ಮಾತ್ರ ಉಳಿದುಬಿಡ್ತಿದ್ದ. ವಿಡ್ಲರ್ ಕರೆಂಟ್ ಸೋರ್ಸ್, ಐದು ಮಾರ್ಕ್ಸ್, ಮುಂದಿನ ಪ್ರಶ್ನೆ. ಅಷ್ಟೇ.

ನಮ್ಮ ಲ್ಯಾಬಿನ ಕಪಾಟಿನ ಕೆಳಗಡೆ ಒಂದು ಹಳೇ ಬಿಸ್ಕತ್ ಡಬ್ಬಿ ಇದೆ. ಕೈಕೊಟ್ಟ ಐಸಿಗಳನ್ನೆಲ್ಲ ಅದರೊಳಗೆ ಹಾಕೋದು ರೂಢಿ. ಮಿನಿ ಪ್ರಾಜೆಕ್ಟ್ ರಿವ್ಯೂ ಹಿಂದಿನ ದಿನ ನಾವು ನಾಲ್ಕು ಜನ ಸೇರಿ ಮೂರು 723 ರೆಗ್ಯುಲೇಟರ್‌ಗಳನ್ನು ಆ ಡಬ್ಬಿಗೆ ಹಾಕಿದ್ವಿ. ಮೂರೂ ಒಂದೇ ಥರ ಕೈಕೊಟ್ಟಿದ್ದವು. ಇನ್ಪುಟ್ 15 ವೋಲ್ಟ್, ಔಟ್ಪುಟ್ 5 ವೋಲ್ಟ್, ಲೋಡ್ 110 ಮಿಲಿಆಂಪ್. ಕರೆಂಟ್ ಲಿಮಿಟ್‌ಗೆ 4.7 ಓಮ್ ರೆಸಿಸ್ಟರ್ ಹಾಕಿದ್ವಿ. ಡೇಟಾಶೀಟ್ ಪ್ರಕಾರ ಅದರ ಎರಡು ತುದಿಯ ನಡುವೆ 0.65 ವೋಲ್ಟ್ ಬಂದಾಗ ಲಿಮಿಟ್ ಶುರುವಾಗಬೇಕು. 0.65 ಅನ್ನು 4.7ರಿಂದ ಭಾಗಿಸಿದರೆ ಸುಮಾರು 138 ಮಿಲಿಆಂಪ್. ನಮಗೆ ಬೇಕಾದ್ದು 110. ಲೆಕ್ಕ ಸರಿ ಇತ್ತು.

ಆನ್ ಮಾಡಿದಾಗ ಚೆನ್ನಾಗೇ ನಡೀತು. ಎರಡು ಮೂರು ನಿಮಿಷ ಆದ ಮೇಲೆ 5 ವೋಲ್ಟ್ ನಿಧಾನವಾಗಿ ಇಳಿಯೋಕೆ ಶುರುವಾಯ್ತು. ಐಸಿ ಹೋಗಿದೆ ಅಂದ್ಕೊಂಡು ಬದಲಾಯಿಸಿದ್ವಿ. ಹೊಸದು ಸರಿಯಾಗಿ ನಡೀತು. ನೋಡಿದ್ರಾ, ಐಸಿಯೇ ಕೆಟ್ಟಿತ್ತು ಅಂತ ಒಬ್ಬರಿಗೊಬ್ಬರು ಹೇಳಿಕೊಂಡು ಟೀ ಕುಡಿಯೋಕೆ ಹೋದ್ವಿ. ವಾಪಸ್ ಬಂದು ನೋಡಿದರೆ ಅದೂ ಇಳಿದಿತ್ತು. ಮೂರನೆಯದೂ ಅದೇ ಕಥೆ. ಯಾಕೆ ಅನ್ನೋದು ಆಮೇಲೆ ಗೊತ್ತಾಯ್ತು. ಅದನ್ನು ಹುಡುಕುತ್ತಾ ಹೋದಾಗಲೇ ನಮಗೆ ವಿಡ್ಲರ್ ಸಿಕ್ಕಿದ್ದು. ಹಾಗಾಗಿ ಅವನ ಕಥೆ ಹೇಳ್ತಾ ಹೇಳ್ತಾ ನಮ್ಮ ಕಥೆಯನ್ನೂ ಮುಗಿಸ್ತೀವಿ. ಅವನು ಅಂತ ಏಕವಚನದಲ್ಲೇ ಬರೀತಿದ್ದೀವಿ, ಅಗೌರವ ಅಂತ ತಿಳಿಬೇಡಿ. ಓದ್ತಾ ಓದ್ತಾ ಅಷ್ಟು ಹತ್ತಿರದವನಾಗಿಬಿಟ್ಟ.

ರೇಡಿಯೋ ಮನೆಯ ಹುಡುಗ

ರಾಬರ್ಟ್ ಜಾನ್ ವಿಡ್ಲರ್ ಹುಟ್ಟಿದ್ದು 1937ರ ನವೆಂಬರ್ 30ರಂದು, ಅಮೆರಿಕದ ಓಹಾಯೋ ರಾಜ್ಯದ ಕ್ಲೀವ್‌ಲ್ಯಾಂಡ್‌ನಲ್ಲಿ. ಅಪ್ಪ ವಾಲ್ಟರ್ ಆ ಊರಿನ ರೇಡಿಯೋ ಸ್ಟೇಷನ್ನಿನಲ್ಲಿ ಕೆಲಸ ಮಾಡುತ್ತಿದ್ದ ಎಂಜಿನಿಯರ್. ಮನೆಯಲ್ಲಿ ರೇಡಿಯೋ ಭಾಗಗಳಿಗೆ ಬರವಿರಲಿಲ್ಲ. ಹದಿನೈದು ವರ್ಷಕ್ಕೆಲ್ಲ ಹುಡುಗ ರೇಡಿಯೋ, ಟಿವಿ ರಿಪೇರಿ ಮಾಡೋದನ್ನು ಕಲಿತುಬಿಟ್ಟಿದ್ದ. ಆ ಕಾಲದ ರಿಪೇರಿ ಅಂದರೆ ವ್ಯಾಕ್ಯೂಮ್ ಟ್ಯೂಬ್‌ಗಳ ರಿಪೇರಿ. ಎಲ್ಲಿ ಬಿಸಿ ಜಾಸ್ತಿ, ಎಲ್ಲಿ ವೋಲ್ಟೇಜ್ ಕಡಿಮೆ ಅಂತ ಒಂದೊಂದೇ ಕಡೆ ಅಳೆದು ನೋಡಿಯೇ ತಪ್ಪು ಹುಡುಕಬೇಕು. ಬೇರೆ ದಾರಿ ಇರಲಿಲ್ಲ.

1958ರಲ್ಲಿ ವಿಡ್ಲರ್ ಅಮೆರಿಕದ ವಾಯುಪಡೆಗೆ ಸೇರಿದ. ಅಲ್ಲಿ ಅವನ ಕೆಲಸ ಸೈನಿಕರಿಗೆ ಎಲೆಕ್ಟ್ರಾನಿಕ್ಸ್ ಕಲಿಸೋದು. ಆಗ ಟ್ರಾನ್ಸಿಸ್ಟರ್ ಹೊಸ ವಸ್ತು. ಕಲಿಸೋಕೆ ಬೇಕು ಅಂತ ಸೆಮಿಕಂಡಕ್ಟರ್ ಸಾಧನಗಳ ಬಗ್ಗೆ ತಾನೇ ಒಂದು ಪುಸ್ತಕ ಬರೆದ. ಡಿಗ್ರಿ ಇನ್ನೂ ಆಗಿರಲಿಲ್ಲ ಅನ್ನೋದನ್ನು ಗಮನಿಸಿ. ಓದಿ ಆಮೇಲೆ ಬರೆಯೋದು ನಮ್ಮ ಕ್ರಮ. ಅವನದು ಉಲ್ಟಾ. 1961ರಲ್ಲಿ ವಾಯುಪಡೆ ಬಿಟ್ಟು ಕೊಲರಾಡೋದ ಬೌಲ್ಡರ್‌ಗೆ ಬಂದ. ಬಾಲ್ ಬ್ರದರ್ಸ್ ರಿಸರ್ಚ್ ಅನ್ನೋ ಕಂಪನಿಯಲ್ಲಿ ಬಾಹ್ಯಾಕಾಶದ ಕೆಲಸಕ್ಕೆ ಬೇಕಾದ ಎಲೆಕ್ಟ್ರಾನಿಕ್ಸ್ ಮಾಡ್ತಾ, ಜೊತೆಗೇ ಕೊಲರಾಡೋ ವಿಶ್ವವಿದ್ಯಾಲಯದಲ್ಲಿ ಓದಿ 1963ರಲ್ಲಿ ಡಿಗ್ರಿ ಮುಗಿಸಿದ. ಕೆಲಸ ಮಾಡ್ತಾ ಓದಿದರೂ ಅಂಕಗಳು ಚೆನ್ನಾಗಿಯೇ ಬಂದಿದ್ದವು.

ಚಿಪ್ ಒಳಗೆ ಬೇರೆಯೇ ಲೆಕ್ಕ

ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ವಿಡ್ಲರ್ ಕ್ಯಾಲಿಫೋರ್ನಿಯಾದ ಫೇರ್‌ಚೈಲ್ಡ್ ಸೆಮಿಕಂಡಕ್ಟರ್ ಸೇರಿದ. ಆಗ ಐಸಿ ಅಂದರೆ ಹೆಚ್ಚುಕಡಿಮೆ ಡಿಜಿಟಲ್ ಐಸಿ ಅಂತಲೇ ಅರ್ಥ. ಅನಲಾಗ್ ಸರ್ಕ್ಯೂಟನ್ನು ಸಿಲಿಕಾನ್ ಮೇಲೆ ಮಾಡಿ ಲಾಭ ಮಾಡಬಹುದು ಅಂತ ನಂಬಿದವರು ಕಡಿಮೆ. ಬೋರ್ಡ್ ಮೇಲಿನ ಸರ್ಕ್ಯೂಟನ್ನೇ ಸಣ್ಣದು ಮಾಡಿ ಚಿಪ್ ಮೇಲೆ ಇಳಿಸೋಣ ಅನ್ನೋದು ಹಲವರ ಯೋಚನೆ ಆಗಿತ್ತು.

ವಿಡ್ಲರ್‌ಗೆ ಅದು ಸರಿ ಕಾಣಲಿಲ್ಲ. ಬೋರ್ಡ್ ಮೇಲೆ ರೆಸಿಸ್ಟರ್ ಅಗ್ಗ, ಟ್ರಾನ್ಸಿಸ್ಟರ್ ದುಬಾರಿ. ಚಿಪ್ ಮೇಲೆ ಉಲ್ಟಾ: ದೊಡ್ಡ ರೆಸಿಸ್ಟರ್ ಜಾಗ ತಿನ್ನುತ್ತೆ, ಅದರ ಬೆಲೆಯೂ ನಿಖರವಾಗಿರಲ್ಲ, ಟ್ರಾನ್ಸಿಸ್ಟರ್ ಮಾತ್ರ ಎಷ್ಟು ಬೇಕಾದರೂ ಹಾಕಬಹುದು. ಅದಕ್ಕಿಂತ ಮುಖ್ಯವಾದ ಇನ್ನೊಂದು ವಿಷಯ ಇದೆ. ಪಕ್ಕಪಕ್ಕದಲ್ಲಿ ಮಾಡಿದ ಎರಡು ಟ್ರಾನ್ಸಿಸ್ಟರ್‌ಗಳು ಅವಳಿ ಮಕ್ಕಳಿದ್ದ ಹಾಗೆ. ಗುಣವೂ ಒಂದೇ, ಒಂದೇ ಸಿಲಿಕಾನ್ ಮೇಲಿರೋದರಿಂದ ತಾಪಮಾನವೂ ಹೆಚ್ಚುಕಡಿಮೆ ಒಂದೇ. ಈ ಎರಡು ಮಾತನ್ನು ಇಟ್ಟುಕೊಂಡೇ ಅವನು ಜೀವನಪೂರ್ತಿ ಡಿಸೈನ್ ಮಾಡಿದ. ನಾವು ಐದು ಮಾರ್ಕ್ಸ್‌ಗೆ ಬರೆಯೋ ವಿಡ್ಲರ್ ಕರೆಂಟ್ ಸೋರ್ಸ್ ಹುಟ್ಟಿದ್ದೂ ಹೀಗೆಯೇ. ಮೈಕ್ರೋಆಂಪ್‌ನಷ್ಟು ಸಣ್ಣ ಕರೆಂಟ್ ಬೇಕು, ಆದರೆ ದೊಡ್ಡ ರೆಸಿಸ್ಟರ್ ಹಾಕೋ ಹಾಗಿಲ್ಲ. ಎರಡು ಟ್ರಾನ್ಸಿಸ್ಟರ್ ಮಿರರ್‌ನಲ್ಲಿ ಒಂದರ ಎಮಿಟರ್‌ಗೆ ಮಾತ್ರ ಸಣ್ಣ ರೆಸಿಸ್ಟರ್ ಹಾಕಿದ, ಕೆಲಸ ಆಯ್ತು.

ಡೇವ್ ಟ್ಯಾಲ್ಬರ್ಟ್ ಅನ್ನೋ ಪ್ರೋಸೆಸ್ ಎಂಜಿನಿಯರ್ ಅವನಿಗೆ ಜೊತೆಗಾರನಾಗಿ ಸಿಕ್ಕ. ಇವನು ಸರ್ಕ್ಯೂಟ್ ಬರೆದರೆ ಅವನು ಸಿಲಿಕಾನ್ ಮೇಲೆ ಇಳಿಸುತ್ತಿದ್ದ. 1964ರಲ್ಲಿ ಇಬ್ಬರೂ ಸೇರಿ ಯುಎ 702 ಆಂಪ್ಲಿಫೈಯರ್ ತಂದರು. 1965ರ ನವೆಂಬರ್‌ನಲ್ಲಿ ಯುಎ 709 ಬಂತು. ಅದು ಮಾರುಕಟ್ಟೆಯಲ್ಲಿ ಎಷ್ಟು ಗೆದ್ದಿತು ಅಂದರೆ, ಆಪ್ ಆಂಪ್ ಅನ್ನೋದು ದೊಡ್ಡ ಲ್ಯಾಬ್‌ಗಳ ವಸ್ತು ಆಗಿದ್ದದ್ದು ಎಲ್ಲ ಎಂಜಿನಿಯರ್‌ಗಳ ಮೇಜಿನ ಮೇಲೆ ಬಂತು. ವಿಡ್ಲರ್‌ಗೆ ಆಗಿನ್ನೂ 28 ತುಂಬುತ್ತಿತ್ತು.

ಆದರೆ 709ಕ್ಕೆ ಒಂದು ದೌರ್ಬಲ್ಯ ಇತ್ತು. ಅದರ ಔಟ್ಪುಟ್‌ಗೆ ಶಾರ್ಟ್ ಸರ್ಕ್ಯೂಟ್ ರಕ್ಷಣೆ ಇರಲಿಲ್ಲ. ಪ್ರೋಬ್ ಜಾರಿ ಔಟ್ಪುಟ್ ನೆಲಕ್ಕೆ ತಾಗಿದರೆ ಐಸಿ ಸುಟ್ಟುಹೋಗಬಹುದಿತ್ತು. ಕರೆಂಟಿಗೆ ಮಿತಿ ಹಾಕೋದು ಯಾಕೆ ಬೇಕು ಅಂತ ವಿಡ್ಲರ್ ತನ್ನದೇ ಚಿಪ್‌ನಿಂದ ಕಲಿಯಬೇಕಾಯ್ತು ಅಂತ ನಮಗನ್ನಿಸುತ್ತೆ. ಯಾಕಂದ್ರೆ 1967ರಲ್ಲಿ ಅವನು ತಂದ ಮುಂದಿನ ಆಪ್ ಆಂಪ್ ಎಲ್‌ಎಂ 101ರಲ್ಲಿ ಆ ರಕ್ಷಣೆ ಚಿಪ್ ಒಳಗೇ ಇತ್ತು.

ಮಿತಿ ಹಾಕೋ ಟ್ರಾನ್ಸಿಸ್ಟರ್

ಆ ಹೊತ್ತಿಗೆ ಅವನು ಫೇರ್‌ಚೈಲ್ಡ್ ಬಿಟ್ಟಾಗಿತ್ತು. 709 ಕಂಪನಿಗೆ ದುಡ್ಡು ತಂದುಕೊಡ್ತಿತ್ತು, ಅದನ್ನು ಮಾಡಿದವನಿಗೆ ಅದರಲ್ಲಿ ಸಿಕ್ಕ ಪಾಲು ಅವನಿಗೆ ಸಾಲದೆನಿಸಿತು. ತಾನು ಶ್ರೀಮಂತನಾಗಬೇಕು ಅನ್ನೋದನ್ನು ಅವನು ಮುಚ್ಚಿಡಲೂ ಇಲ್ಲ. 1965ರ ಕೊನೆಗೆ ಟ್ಯಾಲ್ಬರ್ಟ್ ಜೊತೆ ಹೊರಟು, ಆಗಿನ್ನೂ ಸಣ್ಣದಾಗಿದ್ದ ನ್ಯಾಷನಲ್ ಸೆಮಿಕಂಡಕ್ಟರ್ ಸೇರಿದ.

ಅಲ್ಲಿ ಅವನ ಮೊದಲ ದೊಡ್ಡ ಕೆಲಸ ಒಂದು ವೋಲ್ಟೇಜ್ ರೆಗ್ಯುಲೇಟರ್. 1966ರಲ್ಲಿ ಬಂದ ಎಲ್‌ಎಂ 100. ಅದಕ್ಕೆ ಮುಂಚೆ ರೆಗ್ಯುಲೇಟರ್ ಅಂದರೆ ಜೀನರ್, ಟ್ರಾನ್ಸಿಸ್ಟರ್, ರೆಸಿಸ್ಟರ್ ಎಲ್ಲ ಬಿಡಿಬಿಡಿಯಾಗಿ ಜೋಡಿಸಿದ ಬೋರ್ಡ್. ರೆಫರೆನ್ಸ್, ಎರರ್ ಆಂಪ್ಲಿಫೈಯರ್, ಕರೆಂಟ್ ಲಿಮಿಟ್ ಎಲ್ಲವನ್ನೂ ಒಂದೇ ಚಿಪ್ ಮೇಲೆ ತಂದು ಅಂಗಡಿಯಲ್ಲಿ ಮಾರುವ ಹಾಗೆ ಮಾಡಿದ್ದು ವಿಡ್ಲರ್. ಔಟ್ಪುಟ್ 2ರಿಂದ 30 ವೋಲ್ಟ್. ಹೆಚ್ಚು ಕರೆಂಟ್ ಬೇಕಾದರೆ ಹೊರಗಡೆ ಪವರ್ ಟ್ರಾನ್ಸಿಸ್ಟರ್ ಹಾಕಿಕೊಂಡು 5 ಆಂಪ್ ದಾಟಿಯೂ ಹೋಗಬಹುದಿತ್ತು. ಆಮೇಲೆ ಅದನ್ನೇ ಸುಧಾರಿಸಿ ಎಲ್‌ಎಂ 105 ಮಾಡಿದ. ಅವನು ಬಿಟ್ಟು ಬಂದ ಫೇರ್‌ಚೈಲ್ಡ್‌ನಿಂದ ಆಮೇಲೆ ಬಂದದ್ದು 723. ನಮ್ಮ ಡಬ್ಬಿಗೆ ಬಿದ್ದದ್ದು ಅದೇ.

ಕರೆಂಟ್ ಲಿಮಿಟ್ ಹೇಗೆ ಕೆಲಸ ಮಾಡುತ್ತೆ ಅಂತ ಇಲ್ಲಿ ಒಂದು ಮಾತು. ಲೋಡ್ ಕರೆಂಟ್ ಹೋಗೋ ದಾರಿಯಲ್ಲಿ ಒಂದು ಸಣ್ಣ ರೆಸಿಸ್ಟರ್. ಅದರ ಎರಡು ತುದಿಗೆ ಚಿಪ್ ಒಳಗಿನ ಒಂದು ಟ್ರಾನ್ಸಿಸ್ಟರ್‌ನ ಬೇಸ್ ಮತ್ತು ಎಮಿಟರ್. 723ರಲ್ಲಿ ಅದು ಪಿನ್ 2 ಮತ್ತು 3. ಕರೆಂಟ್ ಹೆಚ್ಚಾಗಿ ಅಲ್ಲಿ 0.65 ವೋಲ್ಟ್ ಬಂದರೆ ಆ ಟ್ರಾನ್ಸಿಸ್ಟರ್ ಆನ್ ಆಗಿ, ಔಟ್ಪುಟ್ ಟ್ರಾನ್ಸಿಸ್ಟರ್‌ಗೆ ಹೋಗಬೇಕಾದ ಬೇಸ್ ಕರೆಂಟನ್ನು ಕದಿಯುತ್ತೆ. ವೋಲ್ಟೇಜ್ ಬಿಟ್ಟುಕೊಟ್ಟು ಕರೆಂಟನ್ನು ಹಿಡಿದಿಡುತ್ತೆ.

ಈಗ ನಮ್ಮ ಲ್ಯಾಬ್‌ಗೆ ಬನ್ನಿ. ಮೂರನೇ ಐಸಿ ಕೈಕೊಟ್ಟಾಗ ಲ್ಯಾಬ್ ಇನ್‌ಸ್ಟ್ರಕ್ಟರ್ ಸರ್ ಬಂದು, ಬದಲಾಯಿಸೋದು ನಿಲ್ಲಿಸಿ ಮೊದಲು ಅಳೀರಿ ಅಂದ್ರು. ಇನ್ಪುಟ್ ಅಳೆದ್ವಿ, 15 ವೋಲ್ಟ್ ಅಲ್ಲಾಡಿರಲಿಲ್ಲ. ರೆಸಿಸ್ಟರ್ ಅಳೆದ್ವಿ, 4.7 ಸರಿಯಾಗಿಯೇ ಇತ್ತು. ಆಮೇಲೆ ಔಟ್ಪುಟ್ ಇಳಿದಿರುವಾಗಲೇ ಪಿನ್ 2 ಮತ್ತು 3ರ ನಡುವೆ ಮೀಟರ್ ಇಟ್ಟ್ವಿ. ಅಲ್ಲಿ 0.65 ಇರಲಿಲ್ಲ, 0.45ರ ಹತ್ತಿರ ಇತ್ತು. ಅಂದರೆ ಐಸಿ ಸತ್ತಿರಲಿಲ್ಲ. ಅದು ಕರೆಂಟ್ ಲಿಮಿಟ್‌ನಲ್ಲೇ ಇತ್ತು, ಬರಬೇಕಾದ್ದಕ್ಕಿಂತ ಮುಂಚೆ ಬಂದಿತ್ತು ಅಷ್ಟೇ. ಸರ್ ಮೇಜಿನ ಮೇಲಿದ್ದ ಪರೀಕ್ಷೆಯ ಪ್ಯಾಡ್ ತಗೊಂಡು ಐಸಿಗೆ ಗಾಳಿ ಬೀಸಿದ್ರು. ಔಟ್ಪುಟ್ ನಿಧಾನವಾಗಿ ಮೇಲೇರಿತು. ಬೀಸೋದು ನಿಲ್ಲಿಸಿದ್ರು, ಮತ್ತೆ ಇಳೀತು. ನಾವು ನಾಲ್ಕು ಜನ ಬಾಯಿ ಬಿಟ್ಟುಕೊಂಡು ನೋಡ್ತಾ ಇದ್ವಿ.

ಸಿಲಿಕಾನ್ ಟ್ರಾನ್ಸಿಸ್ಟರ್‌ನ ಬೇಸ್-ಎಮಿಟರ್ ವೋಲ್ಟೇಜ್ ಪ್ರತಿ ಡಿಗ್ರಿ ಬಿಸಿಗೆ ಸುಮಾರು 2 ಮಿಲಿವೋಲ್ಟ್ ಇಳಿಯುತ್ತೆ. ಇದು ನಮಗೆಲ್ಲ ಬಾಯಿಪಾಠ. ಆದರೆ ಯಾರೂ ಇಲ್ಲಿ ಹಚ್ಚಿ ನೋಡಿರಲಿಲ್ಲ. ನಮ್ಮ ಚಿಪ್‌ನಲ್ಲಿ 9.5 ವೋಲ್ಟ್ ಬೀಳ್ತಿದೆ, 110 ಮಿಲಿಆಂಪ್ ಹರೀತಿದೆ, ಅಂದರೆ 1 ವ್ಯಾಟ್‌ಗಿಂತ ಸ್ವಲ್ಪ ಹೆಚ್ಚು. ಆ ಪ್ಲಾಸ್ಟಿಕ್ ಪ್ಯಾಕೇಜ್‌ನಲ್ಲಿ ಒಂದು ವ್ಯಾಟ್‌ಗೆ ಸುಮಾರು 100 ಡಿಗ್ರಿ ಏರುತ್ತೆ. 100 ಡಿಗ್ರಿ ಅಂದರೆ 0.2 ವೋಲ್ಟ್ ಇಳಿತ. 0.65ರಲ್ಲಿ 0.2 ಹೋದರೆ 0.45. ಅದನ್ನು 4.7ರಿಂದ ಭಾಗಿಸಿದರೆ ಸುಮಾರು 96 ಮಿಲಿಆಂಪ್. ನಮಗೆ ಬೇಕಾದ್ದು 110. ಹೊಸ ಐಸಿ ಹಾಕಿದಾಗ ಕೆಲಸ ಮಾಡಿದ್ದು ಅದು ಹೊಸದು ಅಂತಲ್ಲ, ತಣ್ಣಗಿತ್ತು ಅಂತ. ಐಸಿ ಬದಲಾಯಿಸಿ ನಾವು ಪರೀಕ್ಷೆ ಮಾಡಿದ್ವಿ ಅಂದ್ಕೊಂಡ್ವಿ, ನಿಜವಾಗಿ ಮಾಡಿದ್ದು ಐಸಿಗೆ ರೆಸ್ಟ್ ಕೊಟ್ಟಿದ್ದು.

ಇನ್ನೊಂದು ಸಣ್ಣ ಕಳ್ಳನೂ ಸಿಕ್ಕಿಬಿದ್ದ. ರೆಸಿಸ್ಟರ್‌ನ ಕಾಲುಗಳ ಮೇಲೆ ನೇರವಾಗಿ ಅಳೆದದ್ದಕ್ಕಿಂತ ಪಿನ್ 2 ಮತ್ತು 3ರ ನಡುವೆ ಸುಮಾರು 20 ಮಿಲಿವೋಲ್ಟ್ ಹೆಚ್ಚಿತ್ತು. ಅದು ಬ್ರೆಡ್‌ಬೋರ್ಡ್‌ನ ಸಡಿಲ ಸಂಪರ್ಕದ ರೆಸಿಸ್ಟೆನ್ಸ್. ರೆಸಿಸ್ಟರ್ ಇಷ್ಟು ಸಣ್ಣದಿರುವಾಗ ಬ್ರೆಡ್‌ಬೋರ್ಡ್ ಕೂಡ ಸರ್ಕ್ಯೂಟಿನ ಭಾಗವೇ ಆಗಿಬಿಡುತ್ತೆ.

ಶತ್ರುವನ್ನೇ ಕಾವಲಿಗೆ ನಿಲ್ಲಿಸಿದ್ದು

ಇಲ್ಲಿಂದ ಮುಂದೆ ವಿಡ್ಲರ್ ಮಾಡಿದ್ದು ನಮಗೆ ತುಂಬಾ ಇಷ್ಟವಾದ ಭಾಗ. ಪವರ್ ಟ್ರಾನ್ಸಿಸ್ಟರ್ ಮತ್ತು ಅದನ್ನು ನಿಯಂತ್ರಿಸೋ ನಾಜೂಕು ಭಾಗಗಳು ಒಂದೇ ಸಿಲಿಕಾನ್ ಮೇಲೆ ಇದ್ದರೆ, ಒಂದರ ಬಿಸಿ ಇನ್ನೊಂದನ್ನು ಕೆಡಿಸುತ್ತೆ. ಅದಕ್ಕೇ ಎಲ್‌ಎಂ 100ರಲ್ಲಿ ದೊಡ್ಡ ಕರೆಂಟ್ ಬೇಕಾದರೆ ಹೊರಗಿನ ಟ್ರಾನ್ಸಿಸ್ಟರ್ ಬೇಕಾಗ್ತಿತ್ತು. ಹಾಗಿರುವಾಗ 1 ಆಂಪ್‌ಗೂ ಹೆಚ್ಚು ಕೊಡುವ ಇಡೀ ರೆಗ್ಯುಲೇಟರನ್ನು ಒಂದೇ ಚಿಪ್ ಮೇಲೆ, ಬರೀ ಮೂರು ಕಾಲಿನಲ್ಲಿ ಮಾಡೋದು ಅಂದರೆ?

1969ರಲ್ಲಿ ವಿಡ್ಲರ್ ಅದನ್ನು ಮಾಡಿ ತೋರಿಸಿದ. ಎಲ್‌ಎಂ 109. ಇನ್ಪುಟ್, ಔಟ್ಪುಟ್, ಗ್ರೌಂಡ್. ಹೊರಗೆ ಹೊಂದಿಸೋಕೆ ಏನೂ ಇಲ್ಲ, 5 ವೋಲ್ಟ್ ಬರುತ್ತೆ. ನಾವು ದಿನಾ ಬಳಸೋ 7805 ಇದೇ ದಾರಿಯಲ್ಲಿ ಆಮೇಲೆ ಬಂದದ್ದು. ಅಷ್ಟು ದಿನ ಒಂದು ದೊಡ್ಡ ಪವರ್ ಸಪ್ಲೈನಿಂದ ಎಲ್ಲ ಬೋರ್ಡ್‌ಗಳಿಗೂ ದಪ್ಪ ವೈರ್‌ನಲ್ಲಿ 5 ವೋಲ್ಟ್ ಹಂಚುತ್ತಿದ್ದರು. ಹಾದಿಯಲ್ಲಿ ವೋಲ್ಟೇಜ್ ಇಳಿಯೋದು, ಒಂದರ ಗದ್ದಲ ಇನ್ನೊಂದಕ್ಕೆ ಸೇರೋದು ಮಾಮೂಲಿ. ಪ್ರತಿ ಬೋರ್ಡ್ ಮೇಲೂ ಒಂದೊಂದು ರೆಗ್ಯುಲೇಟರ್ ಕೂರಿಸಿಬಿಡಿ ಅನ್ನೋದು ಈ ಚಿಪ್‌ನ ಹಿಂದಿನ ವಿಚಾರ.

ಅದಕ್ಕೆ ಅವನು ಬಳಸಿದ ಆಯುಧ ಯಾವುದು ಗೊತ್ತಾ? ನಮ್ಮನ್ನು ಒಂದು ಸಂಜೆ ಪೂರ್ತಿ ಆಟ ಆಡಿಸಿದ ಅದೇ 2 ಮಿಲಿವೋಲ್ಟ್. ಚಿಪ್ ಮೇಲೆ ಒಂದು ಟ್ರಾನ್ಸಿಸ್ಟರ್ ಇಟ್ಟು, ಅದರ ಬೇಸ್‌ಗೆ ಆನ್ ಆಗೋಕೆ ಸಾಲದಷ್ಟು ವೋಲ್ಟೇಜ್ ಮಾತ್ರ ಕೊಟ್ಟ. ಚಿಪ್ ತಣ್ಣಗಿರುವಾಗ ಅದು ಸುಮ್ಮನೆ ಕೂತಿರುತ್ತೆ. ಚಿಪ್ 150 ಡಿಗ್ರಿ ದಾಟಿ ಅಪಾಯದ ಹತ್ತಿರ ಹೋದಾಗ ಆ ಟ್ರಾನ್ಸಿಸ್ಟರ್‌ಗೆ ಬೇಕಾದ ವೋಲ್ಟೇಜೇ ಕೆಳಗಿಳಿದು, ಕೊಟ್ಟಿರೋದೇ ಸಾಕಾಗಿ, ಅದು ಎದ್ದು ಔಟ್ಪುಟ್ಟಿನ ಬೇಸ್ ಕರೆಂಟ್ ಕದಿಯುತ್ತೆ. ಇದೇ ಥರ್ಮಲ್ ಶಟ್‌ಡೌನ್. ಬಿಸಿಯೇ ಬಿಸಿಯನ್ನು ತಡೆಯೋ ಏರ್ಪಾಡು.

ರೆಫರೆನ್ಸ್ ವಿಷಯದಲ್ಲೂ ಅದೇ ಜಾಣತನ. ಚಿಪ್ ಮೇಲಿನ ಜೀನರ್‌ಗೆ 6 ವೋಲ್ಟ್‌ಗಿಂತ ಹೆಚ್ಚು ಬೇಕು. 5 ವೋಲ್ಟ್ ರೆಗ್ಯುಲೇಟರ್‌ಗೆ ಅದು ಇನ್ಪುಟ್ಟನ್ನು ಸುಮ್ಮನೆ ಮೇಲೆ ಎಳೆಯುತ್ತೆ. ವಿಡ್ಲರ್ ಬೇರೆ ದಾರಿ ಹಿಡಿದ. ಒಂದು ಟ್ರಾನ್ಸಿಸ್ಟರ್‌ನ ಬೇಸ್-ಎಮಿಟರ್ ವೋಲ್ಟೇಜ್ ಬಿಸಿಗೆ ಇಳಿಯುತ್ತೆ. ಆದರೆ ಬೇರೆ ಬೇರೆ ಕರೆಂಟ್ ಸಾಂದ್ರತೆಯಲ್ಲಿ ನಡೆಯೋ ಎರಡು ಟ್ರಾನ್ಸಿಸ್ಟರ್‌ಗಳ ಆ ವೋಲ್ಟೇಜ್‌ಗಳ ವ್ಯತ್ಯಾಸ ಬಿಸಿಗೆ ಏರುತ್ತೆ. ಇಳಿಯೋದಕ್ಕೆ ಏರೋದನ್ನು ಸರಿಯಾದ ಪ್ರಮಾಣದಲ್ಲಿ ಕೂಡಿದರೆ ಬರೋದು ಸುಮಾರು 1.2 ವೋಲ್ಟ್, ಬಿಸಿಗೂ ಚಳಿಗೂ ಹೆಚ್ಚುಕಡಿಮೆ ಅಲ್ಲಾಡದ್ದು. ಬ್ಯಾಂಡ್‌ಗ್ಯಾಪ್ ರೆಫರೆನ್ಸ್ ಅಂತ ನಾವು ಓದೋದು ಇದನ್ನೇ. ಈ ಯೋಚನೆಯ ಬೀಜ ಮುಂಚೆಯೇ ಇತ್ತು. ಅದನ್ನು ಮಾರುಕಟ್ಟೆಗೆ ಹೋಗೋ ಚಿಪ್‌ನಲ್ಲಿ ನಡೆಯೋ ಹಾಗೆ ಮಾಡಿದ್ದು ವಿಡ್ಲರ್. ಇವತ್ತಿನ ನಮ್ಮ ಮೊಬೈಲ್ ಒಳಗಿನ ಪವರ್ ಐಸಿಗಳವರೆಗೂ ಆ ಸಂತತಿ ಬಂದಿದೆ.

ಜೂನಿಯರ್‌ಗಳಿಗೆ ಇಲ್ಲೊಂದು ಕಿವಿಮಾತು. 7805 ಥರದ ರೆಗ್ಯುಲೇಟರ್‌ಗೆ 24, 30 ವೋಲ್ಟ್ ಕೊಟ್ಟು, 1 ಆಂಪ್ ಬರ್ತಿಲ್ಲ ಅಂತ ಬೈಬೇಡಿ. ಇನ್ಪುಟ್ಟಿಗೂ ಔಟ್ಪುಟ್ಟಿಗೂ ಅಂತರ ಹೆಚ್ಚಾದ ಹಾಗೆ ಕರೆಂಟ್ ಲಿಮಿಟ್ಟನ್ನು ಬೇಕಂತಲೇ ಇಳಿಸೋ ಸರ್ಕ್ಯೂಟ್ ಅದರೊಳಗಿದೆ. ಔಟ್ಪುಟ್ ಟ್ರಾನ್ಸಿಸ್ಟರ್ ತಡೆದುಕೊಳ್ಳೋ ಗಡಿ ದಾಟಬಾರದು ಅಂತ. ಅದು ಕಾಯಿಲೆ ಅಲ್ಲ, ಎಚ್ಚರಿಕೆ. ಡೇಟಾಶೀಟ್‌ನಲ್ಲಿ ಅದರ ಗ್ರಾಫ್ ಇರುತ್ತೆ. ನಾವು ಮೊದಲ ಪುಟದ 1 ಆಂಪ್ ಓದಿ ಡೇಟಾಶೀಟ್ ಮುಚ್ಚಿಬಿಡ್ತೀವಿ.

ಕುರಿ, ಸುತ್ತಿಗೆ ಮತ್ತು ಕಿರಿಕಿರಿ ಯಂತ್ರ

ಇಷ್ಟು ಓದಿ ವಿಡ್ಲರ್ ಗಂಭೀರವಾದ ಮೇಷ್ಟ್ರು ಅಂದ್ಕೊಂಡಿದ್ರೆ ಮೋಸ ಹೋದ್ರಿ. ಮನುಷ್ಯ ಭಾರಿ ಕುಡುಕ, ಮುಂಗೋಪಿ, ಯಾರ ಮಾತೂ ಕೇಳದವನು. ಅವನ ಆಫೀಸಿಗೆ ಬಂದು ಗಟ್ಟಿಯಾಗಿ ಮಾತಾಡೋರನ್ನು ಕಂಡರೆ ಆಗ್ತಿರಲಿಲ್ಲ. ಅದಕ್ಕೆ ಒಂದು ಸರ್ಕ್ಯೂಟನ್ನೇ ಮಾಡಿಟ್ಟಿದ್ದ. ಅದು ಕೋಣೆಯ ಸದ್ದನ್ನು ಹಿಡಿದು, ಕಿವಿಗೆ ಕೇಳೋ ಗಡಿಯ ಹತ್ತಿರದ ಕೀಚಲು ದನಿಯಾಗಿ ಹೊರಗೆ ಬಿಡ್ತಿತ್ತು. ಜೋರಾಗಿ ಮಾತಾಡಿದಷ್ಟೂ ಕಿವಿಯಲ್ಲಿ ಕಿರಿಕಿರಿ ಜಾಸ್ತಿ, ಮೆತ್ತಗೆ ಮಾತಾಡಿದರೆ ಇಲ್ಲ. ಬಂದವರಿಗೆ ಏನಾಗ್ತಿದೆ ಅಂತ ಗೊತ್ತಾಗೋ ಮುಂಚೆಯೇ ದನಿ ತಗ್ಗಿಸಿಬಿಡೋರು.

1970ರಲ್ಲಿ ನ್ಯಾಷನಲ್ ಕಂಪನಿ ಖರ್ಚು ಕಡಿಮೆ ಮಾಡೋ ಭರದಲ್ಲಿ ಆಫೀಸಿನ ಮುಂದಿನ ಹುಲ್ಲು ಕತ್ತರಿಸೋದನ್ನೂ ನಿಲ್ಲಿಸಿತು. ವಿಡ್ಲರ್ ತನ್ನ ಕಾರಿನಲ್ಲಿ ಒಂದು ಕುರಿ ತಂದು ಹುಲ್ಲಿನ ಮೇಲೆ ಮೇಯೋಕೆ ಬಿಟ್ಟ. ಫೋಟೋ ತೆಗೆಸಿದ್ದೂ ಆಯ್ತು. ಆಡಳಿತದವರಿಗೆ ಅರ್ಜಿ ಬರೆಯೋದಕ್ಕಿಂತ ಇದು ಬೇಗ ತಲುಪಿರಬೇಕು.

ಇನ್ನು ಸುತ್ತಿಗೆ. ಯಾವುದಾದರೂ ಕಾಂಪೊನೆಂಟ್ ಕೈಕೊಟ್ಟು ಗಂಟೆಗಟ್ಟಲೆ ಸಮಯ ತಿಂದಿದ್ದರೆ, ವಿಡ್ಲರ್ ಅದನ್ನು ಕಸದ ಬುಟ್ಟಿಗೆ ಎಸೀತಿರಲಿಲ್ಲ. ಕಬ್ಬಿಣದ ಮೇಲಿಟ್ಟು ಸುತ್ತಿಗೆಯಿಂದ ಪುಡಿಪುಡಿ ಆಗೋವರೆಗೂ ಕುಟ್ಟುತ್ತಿದ್ದ. ಅವನ ಹೆಸರಿನಲ್ಲೇ ಆ ಕ್ರಿಯೆಗೆ ಒಂದು ಪದ ಹುಟ್ಟಿಕೊಂಡಿತು, ಕನ್ನಡದಲ್ಲಿ ವಿಡ್ಲರಿಸು ಅನ್ನಬಹುದೇನೋ. ಕೇಳೋಕೆ ಹುಚ್ಚುತನ. ಆದರೆ ಯೋಚನೆ ಮಾಡಿ: ಕೆಟ್ಟ ಭಾಗ ಹಾಗೇ ಉಳಿದರೆ ಯಾವತ್ತೋ ಒಂದು ದಿನ ಒಳ್ಳೆಯದರ ಜೊತೆ ಸೇರಿಕೊಂಡು ಇನ್ಯಾರದೋ ಸರ್ಕ್ಯೂಟಿಗೆ ವಾಪಸ್ ಬರುತ್ತೆ. ಪುಡಿ ಮಾಡಿದ ಮೇಲೆ ಆ ಪ್ರಶ್ನೆಯೇ ಇಲ್ಲ. ಆದರೆ ಕುಟ್ಟೋ ಮುಂಚೆ ಅದು ಕೆಟ್ಟಿದೆ ಅನ್ನೋದು ಖಚಿತ ಆಗಿರಬೇಕು. ನಾವು ನಮ್ಮ ಮೂರು 723ಗಳಿಗೆ ಸುತ್ತಿಗೆ ಎತ್ತಿದ್ದರೆ ಮೂರು ನಿರಪರಾಧಿಗಳನ್ನು ಕೊಂದ ಹಾಗೆ ಆಗ್ತಿತ್ತು.

ಮೆಕ್ಸಿಕೋಗೆ ಹೋದದ್ದು, ಮತ್ತೆ ಬಂದದ್ದು

ಶ್ರೀಮಂತನಾಗಬೇಕು ಅಂದಿದ್ದವನು ಆಗಿಯೂಬಿಟ್ಟ. 1970ರ ಡಿಸೆಂಬರ್‌ನಲ್ಲಿ, 33ನೇ ವಯಸ್ಸಿಗೆ, ತನ್ನ ಪಾಲಿನ ಷೇರುಗಳ ಹಣ ತಗೊಂಡು ನ್ಯಾಷನಲ್ ಬಿಟ್ಟು ಮೆಕ್ಸಿಕೋದ ಪುವೆರ್ತೋ ವಯಾರ್ತಾ ಅನ್ನೋ ಸಮುದ್ರ ತೀರದ ಊರಿಗೆ ಹೋಗಿ ನೆಲೆಸಿದ. ನಮ್ಮಲ್ಲಿ ಆ ವಯಸ್ಸಿಗೆ ಹೋಮ್ ಲೋನ್ ಶುರುವಾಗಿರುತ್ತೆ.

ಆದರೆ ಸರ್ಕ್ಯೂಟ್ ಬಿಡಲಿಲ್ಲ, ಅಥವಾ ಸರ್ಕ್ಯೂಟ್ ಅವನನ್ನು ಬಿಡಲಿಲ್ಲ. 1974ರಲ್ಲಿ ಸಲಹೆಗಾರನಾಗಿ ಮತ್ತೆ ನ್ಯಾಷನಲ್ ಜೊತೆ ಕೆಲಸ ಶುರು ಮಾಡಿದ. ಅಲ್ಲಿಂದ ಬಂದದ್ದು ಎಲ್‌ಎಂ 10. ಒಂದು ಆಪ್ ಆಂಪ್, ಜೊತೆಗೆ 200 ಮಿಲಿವೋಲ್ಟ್ ರೆಫರೆನ್ಸ್, ಎರಡೂ ಸೇರಿ ಬರೀ 1.1 ವೋಲ್ಟ್‌ನಲ್ಲಿ ನಡೀತವೆ. ಒಂದೇ ಒಂದು ಸೆಲ್ ಸಾಕು. 1981ರಲ್ಲಿ ರಾಬರ್ಟ್ ಸ್ವಾನ್ಸನ್, ಬಾಬ್ ಡಾಬ್ಕಿನ್ ಮುಂತಾದವರ ಜೊತೆ ಲೀನಿಯರ್ ಟೆಕ್ನಾಲಜಿ ಕಂಪನಿ ಕಟ್ಟೋದರಲ್ಲೂ ಇದ್ದ. ಆದರೆ ಅಲ್ಲೂ ಹೊಂದಿಕೆ ಆಗಲಿಲ್ಲ, 1984ರಲ್ಲಿ ಹೊರಬಂದು ಮತ್ತೆ ನ್ಯಾಷನಲ್‌ಗೆ ಕೆಲಸ ಮಾಡಿದ.

ಆ ಕೊನೆಯ ವರ್ಷಗಳ ಚಿಪ್‌ಗಳಲ್ಲಿ ಎಲ್‌ಎಂ 12 ಒಂದು. 10 ಆಂಪ್ ಕೊಡೋ ಪವರ್ ಆಪ್ ಆಂಪ್. ಔಟ್ಪುಟ್ಟನ್ನು ಸಪ್ಲೈಗೇ ಶಾರ್ಟ್ ಮಾಡಿದರೂ ಬದುಕಿಕೊಳ್ಳೋ ಹಾಗೆ ಮಾಡಿದ್ದು. ಪವರ್ ಟ್ರಾನ್ಸಿಸ್ಟರ್‌ಗಳ ಒಳಗೇ ಆ ಕ್ಷಣದ ಅತಿ ಹೆಚ್ಚು ತಾಪಮಾನ ನೋಡಿ ಮಿತಿ ಹಾಕೋ ವ್ಯವಸ್ಥೆ ಅದರಲ್ಲಿದೆ. ಶಾರ್ಟ್ ಆದರೆ ಸುಡಬಹುದಾದ 709ರಿಂದ ಹೊರಟವನು, ಇಪ್ಪತ್ತು ವರ್ಷದ ಮೇಲೆ ಇಲ್ಲಿ ಬಂದು ಮುಟ್ಟಿದ.

1991ರ ಫೆಬ್ರವರಿ 27ರಂದು ಪುವೆರ್ತೋ ವಯಾರ್ತಾದಲ್ಲಿ ಹೃದಯಾಘಾತದಿಂದ ವಿಡ್ಲರ್ ತೀರಿಕೊಂಡ. 53 ವರ್ಷ. 2009ರಲ್ಲಿ ಅಮೆರಿಕದ ರಾಷ್ಟ್ರೀಯ ಸಂಶೋಧಕರ ಗೌರವ ಪಟ್ಟಿಗೆ ಅವನ ಹೆಸರು ಸೇರಿತು. ಅವನ ಕುಡಿತ, ಜಗಳಗಳನ್ನು ನಾವು ಹೀರೋಗಿರಿ ಅಂತ ಹೇಳ್ತಿಲ್ಲ. ಪ್ರತಿ ಚಿಪ್‌ಗೂ ಮಿತಿ ಹಾಕಿ ಕಾಪಾಡಿದವನು ತನಗೆ ಹಾಕಿಕೊಳ್ಳಲಿಲ್ಲ ಅಂತ ಬೇಜಾರೂ ಆಗುತ್ತೆ. ಆದರೆ ಒಂದು ವಿಷಯದಲ್ಲಿ ಮಾತ್ರ ಅವನು ಸೋಮಾರಿತನ ಮಾಡಿದವನಲ್ಲ. ಸರ್ಕ್ಯೂಟ್ ಅಂದುಕೊಂಡ ಹಾಗೆ ನಡೆಯದಿದ್ದಾಗ ಸಿಲಿಕಾನ್ ನಿಜವಾಗಿ ಏನು ಮಾಡ್ತಿದೆ ಅಂತ ನೋಡಿದ, ಕಂಡದ್ದನ್ನು ಮುಂದಿನ ಚಿಪ್‌ನಲ್ಲಿ ಕೆಲಸಕ್ಕೆ ಹಚ್ಚಿದ.

ಮತ್ತೆ ಡಬ್ಬಿಗೆ

ನಮ್ಮ ರಿವ್ಯೂ ಏನಾಯ್ತು ಅಂತೀರಾ? ರಾತ್ರಿಯೇ ಒಂದು ಟಿಐಪಿ 31 ಟ್ರಾನ್ಸಿಸ್ಟರ್‌ಗೆ ಸಣ್ಣ ಹೀಟ್ ಸಿಂಕ್ ಹಾಕಿ ಹೊರಗಡೆ ಕೂರಿಸಿದ್ವಿ. ಲೋಡ್ ಕರೆಂಟ್ ಅದರ ಮೂಲಕ, 723ಗೆ ಬೇಸ್ ಕರೆಂಟ್ ಕೊಡೋ ಕೆಲಸ ಮಾತ್ರ. ಚಿಪ್ ತಣ್ಣಗಾಯ್ತು, ಲಿಮಿಟ್ 130 ಮಿಲಿಆಂಪ್ ಆಸುಪಾಸಿನಲ್ಲಿ ನಿಂತಿತು. ಸೆನ್ಸ್ ರೆಸಿಸ್ಟರನ್ನು ಬ್ರೆಡ್‌ಬೋರ್ಡ್‌ನಿಂದ ಕಿತ್ತು ಬೆಸುಗೆ ಹಾಕಿದ್ವಿ. ಬೆಳಿಗ್ಗೆ ಮೇಡಮ್ ಬಂದಾಗ ಅರ್ಧ ಗಂಟೆಯಿಂದ 5 ವೋಲ್ಟ್ ಅಲ್ಲಾಡದೆ ನಿಂತಿತ್ತು. ಯಾಕೆ ಹೊರಗಡೆ ಟ್ರಾನ್ಸಿಸ್ಟರ್ ಹಾಕಿದ್ರಿ ಅಂತ ಮೇಡಮ್ ಕೇಳಿದ್ರು. ಆ ಸೆಮಿಸ್ಟರ್‌ನಲ್ಲಿ ನಮಗೆ ಚೆನ್ನಾಗಿ ಉತ್ತರ ಗೊತ್ತಿದ್ದ ಪ್ರಶ್ನೆ ಅದೊಂದೇ.

ಆಮೇಲೆ ಒಂದು ಶನಿವಾರ ಕೂತು ಬಿಸ್ಕತ್ ಡಬ್ಬಿ ಪೂರ್ತಿ ಸುರಿದ್ವಿ. ನಮ್ಮ ಮೂರನ್ನೂ ಸೇರಿಸಿ ಏಳು 723 ಇದ್ದವು. ಒಂದೊಂದನ್ನೇ ತಣ್ಣಗೆ ಇಟ್ಟು, ಕಡಿಮೆ ಲೋಡ್ ಕೊಟ್ಟು ಅಳೆದ್ವಿ. ಐದು ಪೂರ್ತಿ ಸರಿ ಇದ್ದವು. ಅವು ಈಗ ಡ್ರಾಯರ್‌ನಲ್ಲಿವೆ, ಬೇಕಾದವರು ಕೇಳಿ ತಗೊಳ್ಳಿ. ಎರಡು ಮಾತ್ರ ನಿಜವಾಗಿ ಹೋಗಿದ್ದವು. ಅವುಗಳಿಗೆ ಮೆಕ್ಯಾನಿಕಲ್ ವರ್ಕ್‌ಶಾಪ್‌ನಿಂದ ಸುತ್ತಿಗೆ ತಂದು, ಕನ್ನಡಕ ಹಾಕ್ಕೊಂಡು, ವಿಡ್ಲರ್‌ಗೆ ಸಲ್ಲಬೇಕಾದ ಗೌರವ ಸಲ್ಲಿಸಿದ್ವಿ.